ಪಾಯಿಂಟ್ ನೋಡುವ ಭಾನುವಾರ

ಬೈಕಿನ ಕಿಕ್ಕರು ವಾಪಸ್ ಹೊಡೆದ ಸದ್ದು ಶೆಡ್ಡಿನ ತಗಡಿಗೆ ತಾಗಿ ಮರಳಿತು. ಭಾವ ಒಂದೇ ಕಾಲಿನ ಮೇಲೆ ಕುಣಿದು, ಮೊಣಕಾಲ ಕೆಳಗಿನ ಮೂಳೆಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು, ಹಲ್ಲಿನ ಸಂದಿಯಿಂದ ಉಸಿರೆಳೆದುಕೊಂಡ. ಪ್ಯಾಂಟಿನ ಮೇಲೆ ರಕ್ತ ನಿಧಾನವಾಗಿ ಅಂಗಿಯ ಗುಂಡಿಯಷ್ಟಗಲ ಮೂಡಿತು. ಗಾಡಿ ಮಾತ್ರ ತನಗೂ ಇದಕ್ಕೂ ಸಂಬಂಧವೇ ಇಲ್ಲವೆಂಬಂತೆ ಸ್ಟ್ಯಾಂಡಿನ ಮೇಲೆ ನಿಂತಿತ್ತು.

ಅಕ್ಕ ಅಡುಗೆಮನೆಯ ಹಿಂಬಾಗಿಲಿನಿಂದ ನೀರಿನ ಲೋಟ ಹಿಡಿದು ಓಡಿಬಂದಳು. ಭಾವ ಅದನ್ನು ಕಿತ್ತುಕೊಂಡವನೇ ಅವಳ ಮುಖಕ್ಕೆ ಎಸೆದ. ಸ್ಟೀಲಿನ ಅಂಚು ದವಡೆಗೆ ಬಡಿಯಿತು. ಲೋಟ ಸಿಮೆಂಟಿನ ನೆಲದ ಮೇಲೆ ಉರುಳುತ್ತ ಹೋಗಿ, ಆಗಷ್ಟೇ ಗೇಟು ದಾಟಿ ಒಳಬಂದಿದ್ದ ಅವಳ ಮೆಕ್ಯಾನಿಕ್ ತಮ್ಮನ ಚಪ್ಪಲಿಗೆ ತಾಗಿ ನಿಂತಿತು.

ಮೆಕ್ಯಾನಿಕ್ ಬಗ್ಗಿ ಲೋಟವನ್ನೆತ್ತಿ, ತನ್ನ ಅಂಗಿಯ ಚುಂಗಿಗೆ ಒರೆಸಿ, ಅಕ್ಕನಿಗೆ ಕೊಟ್ಟ. ಅಕ್ಕ ತಮ್ಮನ ಮುಖ ನೋಡಲಿಲ್ಲ. ಲೋಟ ತೆಗೆದುಕೊಳ್ಳುವಾಗ ಅವನ ಬೆರಳನ್ನು ಒಂದು ಸಲ ಒತ್ತಿದಳು. ಸುಮ್ಮನಿರು ಎಂದು ಅದರ ಅರ್ಥ. ಚಿಕ್ಕಂದಿನಲ್ಲಿ ಅಪ್ಪ ಬೈಯುವಾಗಲೂ ಅವಳು ಹೀಗೇ ಒತ್ತುತ್ತಿದ್ದಳು.

"ಬಂದೆಯಾ ಮಿಸ್ತ್ರಿ? ನೋಡು ನಿನ್ನ ಕೈಗುಣ," ಎಂದ ಭಾವ. "ಹದಿನೈದು ದಿನ ಆಗಿಲ್ಲ ನೀನು ಸರಿಮಾಡಿ. ಇವತ್ತು ನನ್ನ ಕಾಲೇ ಹೋಗ್ತಿತ್ತು."

"ಐಸ್ ಇಟ್ಕೊಳ್ಳಿ ಭಾವ. ನಾನು ನೋಡ್ತೀನಿ."

"ನೀನು ನೋಡೋದು ಇವತ್ತಿಗೆ ಮುಗೀತು." ಭಾವ ಕುಂಟುತ್ತ ಹೋಗಿ ಶೆಲ್ಫಿನಿಂದ ಒಂದು ಪುಟ್ಟ ರಟ್ಟಿನ ಡಬ್ಬಿ ತಂದು ಬೆಂಚಿನ ಮೇಲೆ ಕುಕ್ಕಿದ. "ಎಲೆಕ್ಟ್ರಾನಿಕ್ ಇಗ್ನಿಷನ್. ಬೈಕ್ ಕ್ಲಬ್ಬಿನವರು ತರಿಸಿಕೊಟ್ರು. ಇದಕ್ಕೇ ನಿನ್ನ ಕರೆಸಿದ್ದು. ಪಾಯಿಂಟು, ಗೀಯಿಂಟು ಎಲ್ಲ ಕಿತ್ತು ಬಿಸಾಕಿ ಇದನ್ನ ಹಾಕು. ಆಮೇಲೆ ನೀನು ಈ ಕಡೆ ತಲೆ ಹಾಕೋದು ಬೇಕಿಲ್ಲ."

ಅಕ್ಕ ಲೋಟ ಹಿಡಿದುಕೊಂಡೇ ಬಾಗಿಲಲ್ಲಿ ನಿಂತಿದ್ದಳು. ದವಡೆಯ ಮೇಲೆ ಅರ್ಧಚಂದ್ರದ ಹಾಗೆ ಕೆಂಪು ಏಳುತ್ತಿತ್ತು. ಗೋಡೆಯಾಚೆ ದರ್ಜಿಯ ಹೊಲಿಗೆ ಯಂತ್ರ ನಿಂತುಹೋಗಿತ್ತು. ಈ ಮನೆಯಲ್ಲಿ ಸದ್ದೆದ್ದಾಗಲೆಲ್ಲ ಅದು ನಿಲ್ಲುತ್ತಿತ್ತು, ಸದ್ದಡಗಿದ ಮೇಲೆ ಮತ್ತೆ ಹೊರಡುತ್ತಿತ್ತು.

ಮೂರು ವರ್ಷದ ಹಿಂದೆ ಭಾವನ ಏಟಿಗೆ ಅಕ್ಕನ ಎಡಗಿವಿ ಕೇಳಿಸದಂತಾದಾಗ ಮೆಕ್ಯಾನಿಕ್ ಈ ಮನೆಗೆ ಬಂದು ಕೂಗಾಡಿದ್ದ. ಭಾವ ಅವನ ಕೊರಳಪಟ್ಟಿ ಹಿಡಿದು ಗೇಟಿನಾಚೆ ನೂಕಿ, ಇನ್ನು ತವರಿನವರು ಯಾರೂ ಈ ಹೊಸಿಲು ತುಳಿಯಕೂಡದೆಂದು ಬೀಗ ಹಾಕಿಕೊಂಡಿದ್ದ. ಅಕ್ಕನ ಫೋನು ಬಾವಿಗೆ ಬಿದ್ದಿತ್ತು. ಆದರೆ ಗಾಡಿ ಅವನ ಮಾತು ಕೇಳಲಿಲ್ಲ. ಅದು ಅವನ ತಂದೆಯ ಕಾಲದ, ಒಂಟಿ ಸಿಲಿಂಡರಿನ ಭಾರದ ಗಾಡಿ. ಬೇರೆ ಇಬ್ಬರು ಮೆಕ್ಯಾನಿಕ್ಕುಗಳು ಕೈಯಿಟ್ಟು, ಒಬ್ಬ ಸ್ಕ್ರೂ ಕೆಡಿಸಿ, ಇನ್ನೊಬ್ಬ ಕವರಿಗೆ ಗೀರು ಹಾಕಿ ಕಳಿಸಿದ ಮೇಲೆ, ಭಾವ ಬಾಯಿ ಬಿಗಿದುಕೊಂಡು ಹೆಂಡತಿಯ ತಮ್ಮನಿಗೇ ಹೇಳಿಕಳಿಸಬೇಕಾಯಿತು. ಅಂದಿನಿಂದ ಹದಿನೈದು ದಿನಕ್ಕೊಂದು ಭಾನುವಾರ ಗಾಡಿ ಕೆಮ್ಮಿ ನಿಲ್ಲುತ್ತಿತ್ತು. ಮೆಕ್ಯಾನಿಕ್ ಬಂದು ಸೈಡ್ ಕವರು ಬಿಚ್ಚಿ, ಕಿಡಿ ಹುಟ್ಟಿಸುವ ಪಾಯಿಂಟಿನ, ಕಿರುಬೆರಳುಗುರಿನಷ್ಟಿರುವ ಎರಡು ಲೋಹದ ಮೊನೆಗಳ ನಡುವಿನ ಸಂದನ್ನು ತಗಡಿನ ಎಳೆಯಿಂದ ಅಳೆದು ಸರಿಮಾಡುತ್ತಿದ್ದ. ಆ ಮುಕ್ಕಾಲು ಗಂಟೆಯಲ್ಲಿ ಅಕ್ಕ ಟೀ ತಂದಿಡುತ್ತಿದ್ದಳು. ಭಾವ ಸ್ನಾನಕ್ಕೋ ಫೋನಿಗೋ ಒಳಗೆ ಹೋದರೆ ಎರಡು ಮಾತು. ಹೋಗದಿದ್ದರೆ ಅದೂ ಇಲ್ಲ. ಅವನು ಒರೆಸುವ ಬಟ್ಟೆಯ ಮಡಿಕೆಯಲ್ಲಿ ನೋವಿನ ಮುಲಾಮು ಇಟ್ಟು ಹೋಗುತ್ತಿದ್ದ. ಮುಂದಿನ ಸಲ ಅದೇ ಬಟ್ಟೆ ಒಗೆದು, ಒಣಗಿಸಿ, ಮಡಿಸಿ ಇಟ್ಟಿರುತ್ತಿತ್ತು. ಅಕ್ಕ ಬದುಕಿದ್ದಾಳೆ, ನಡೆದಾಡುತ್ತಿದ್ದಾಳೆ ಎಂದು ಅವನಿಗೆ ಗೊತ್ತಾಗುತ್ತಿದ್ದದ್ದು ಹಾಗೆ.

"ನನ್ನ ಜೊತೆ ಬಂದುಬಿಡು," ಎಂದು ಅವನು ಪ್ರತಿ ಸಲ ಪಿಸುಗುಟ್ಟುತ್ತಿದ್ದ. "ನೋಡೋಣ ಇರೋ," ಎಂದು ಅವಳು ಪ್ರತಿ ಸಲ ಹೇಳುತ್ತಿದ್ದಳು.

ಈಗ ಅವನು ಬೆಂಚಿನ ಮೇಲಿದ್ದ ಡಬ್ಬಿಯನ್ನು ಎತ್ತಿ, ತಿರುಗಿಸಿ ನೋಡಿ, ತೆರೆಯದೆ ಹಾಗೇ ಇಟ್ಟ. ಅದನ್ನು ಹಾಕಿದರೆ ಈ ಗಾಡಿ ವರ್ಷಗಟ್ಟಲೆ ಯಾರನ್ನೂ ಕರೆಯುವುದಿಲ್ಲ.

"ಹೊಸದು ಒಳ್ಳೇದೇ ಭಾವ, ಇಲ್ಲ ಅನ್ನಲ್ಲ," ಎಂದು ಅವನು ಸಾವಕಾಶ ಶುರುಮಾಡಿದ. "ಆದರೆ ಕೆಟ್ಟರೆ ಹೇಳದೆ ಕೇಳದೆ ಕೆಡುತ್ತೆ. ಪಾಯಿಂಟು ಹಾಗಲ್ಲ, ಮುಂಚೇನೇ ಗೊಣಗುತ್ತೆ. ದಾರೀಲಿ ನಿಂತ್ರೂ ಉಗುರು ಉಜ್ಜೋ ಅರದಲ್ಲಿ ಎರಡು ಸಲ ತೀಡಿದ್ರೆ ಮನೆ ಸೇರ್ಕೋಬಹುದು. ಬ್ಯಾಟರಿ ಸ್ವಲ್ಪ ಇಳಿದ್ರೂ ಅದು ಕೆಲಸ ಮಾಡುತ್ತೆ. ಇದು ಮಾಡಲ್ಲ."

"ಹೌದಾ?"

"ಹೌದು ಭಾವ. ಹಳೇ ಗಾಡಿಗೆ ಹಳೇದೇ ಹೊಂದೋದು."

"ಗೇಟಿನ ಹೊರಗೆ ನಿಲ್ಲಿಸಿದ್ದೀಯಲ್ಲ, ನಿನ್ನ ಗಾಡಿ. ಅದೂ ಹಳೇದೇ ತಾನೇ? ಅದರಲ್ಲೇನಿದೆ?"

ಮೆಕ್ಯಾನಿಕ್ ಗೇಟಿನ ಕಡೆ ನೋಡಿದ.

"ಬಾಯಿ ಬಿಡೋ. ಏನಿದೆ?"

"ಎಲೆಕ್ಟ್ರಾನಿಕ್ಕು."

"ಹಾಕಿ ಎಷ್ಟು ವರ್ಷ ಆಯ್ತು?"

"ನಾಲ್ಕು."

"ಎಷ್ಟು ಸಲ ಬಿಚ್ಚಿದ್ದೀಯ?"

"ಬಿಚ್ಚಿಲ್ಲ."

ಭಾವ ನಕ್ಕ. ಚೆನ್ನಾಗಿಯೇ ನಕ್ಕ. ಹೊರಗಿನವರಿಗೆ ಅವನ ಈ ನಗು ಬಹಳ ಹಿಡಿಸುತ್ತಿತ್ತು. "ಕೇಳಿದೆಯೇನೇ? ನಿನ್ನ ತಮ್ಮ ಡಾಕ್ಟರು ತಾನು ಗುಳಿಗೆ ನುಂಗಿ ನನಗೆ ಕಷಾಯ ಕುಡಿಸ್ತಿದ್ದಾನೆ!" ನಗು ಹಾಗೇ ಮುಖದ ಮೇಲಿರುವಾಗಲೇ ಮೆಕ್ಯಾನಿಕ್ಕನ ಕತ್ತಿನ ಹಿಂಭಾಗ ಹಿಡಿದು ಎಂಜಿನ್ನಿನ ಮುಂದೆ ಬಗ್ಗಿಸಿದ. "ಬಿಚ್ಚು."

ಮೆಕ್ಯಾನಿಕ್ ಮೊಣಕಾಲೂರಿ ಕುಳಿತ. ಕವರಿನ ಎರಡು ಸ್ಕ್ರೂ ಬಿಚ್ಚಿದ. ಒಳಗೆ ನೋಡಿದವನ ಕೈ ನಿಂತುಹೋಯಿತು.

ಯಾವತ್ತೂ ಈ ಗಾಡಿಯ ಸಂದು ಮುಚ್ಚಿಕೊಂಡಿರುತ್ತಿತ್ತು. ಮುಚ್ಚಿಕೊಂಡರೆ ಕಿಡಿ ಸತ್ತು ಗಾಡಿ ಹೊರಡುವುದಿಲ್ಲ, ಅಷ್ಟೇ, ಯಾರಿಗೂ ಅಪಾಯವಿಲ್ಲ. ಇವತ್ತು ಅದು ಒಂದು ಪೋಸ್ಟ್ ಕಾರ್ಡು ಆರಾಮಾಗಿ ಹಾದುಹೋಗುವಷ್ಟು ಬಾಯಿ ತೆರೆದಿತ್ತು. ತೆರೆದರೆ ಕಿಡಿ ಹೊತ್ತಿಗೆ ಮುಂಚೆಯೇ ಹಾರುತ್ತದೆ. ಮೇಲೇರುತ್ತಿರುವ ಪಿಸ್ಟನ್ನನ್ನು ಸ್ಫೋಟ ಹಿಂದಕ್ಕೆ ನೂಕುತ್ತದೆ, ಕಿಕ್ಕರು ತುಳಿದವನ ಕಾಲಿನ ಮೇಲೆಯೇ ತಿರುಗಿ ಬರುತ್ತದೆ. ಕಣಕಾಲು ಎರಡು ತುಂಡಾದವರನ್ನು ಮೆಕ್ಯಾನಿಕ್ ಕಣ್ಣಾರೆ ಕಂಡಿದ್ದ. ತಂತಾನೇ ಸಡಿಲಾದ ಸಂದು ಹೀಗೆ ಅಗಲವಾಗುವುದಿಲ್ಲ. ಬಿಗಿಯುವ ಸ್ಕ್ರೂವಿನ ತಲೆಯ ಮೇಲೆ ಹೊಸ ಗೀರುಗಳು ಮಿನುಗುತ್ತಿದ್ದವು. ಸ್ಕ್ರೂಡ್ರೈವರಿನ ಗೀರಲ್ಲ, ತೆಳ್ಳನೆಯದು, ಮೊನೆಯಿರುವುದು. ತರಕಾರಿ ಹೆಚ್ಚುವ ಚಾಕುವಿನದು.

ಅಪ್ಪನ ಗ್ಯಾರೇಜಿನಲ್ಲಿ ಪಾಯಿಂಟು ಸರಿಮಾಡುವುದನ್ನು ಅವನಿಗಿಂತ ಮೊದಲು ಕಲಿತವಳು ಅಕ್ಕ. ಅಳತೆಯ ಎಳೆಯೂ ಅವಳಿಗೆ ಬೇಕಿರಲಿಲ್ಲ. ಎಂಜಿನ್ನಿನ ಸದ್ದು ಕೇಳಿಯೇ ಹೇಳುತ್ತಿದ್ದಳು. ಹದಿನೈದು ದಿನಕ್ಕೆ ಯಾವ ಪಾಯಿಂಟೂ ಅಷ್ಟು ಕೆಡುವುದಿಲ್ಲವೆಂದು ಮೆಕ್ಯಾನಿಕ್ಕನಿಗೆ ಗೊತ್ತಿರಬೇಕಿತ್ತು. ಗೊತ್ತಿತ್ತೇನೋ. ಅವನು ತನ್ನನ್ನು ತಾನು ಕೇಳಿಕೊಳ್ಳಲು ಹೋಗಿರಲಿಲ್ಲ. ಇಷ್ಟು ವರ್ಷ ಅವನನ್ನು ಈ ಶೆಡ್ಡಿಗೆ ಕರೆಸಿಕೊಳ್ಳುತ್ತಿದ್ದದ್ದು ಗಾಡಿಯಲ್ಲ.

"ಏನದು, ಹೆಣ ಕಂಡವನ ಹಾಗೆ ಕೂತೆ?" ಭಾವ ಹಿಂದಿನಿಂದ ಬಗ್ಗಿದ. "ಆ ಗೀರೇನು?"

"ನನ್ನ ಸ್ಕ್ರೂಡ್ರೈವರ್ ಜಾರಿದ್ದು ಭಾವ." ಮೆಕ್ಯಾನಿಕ್ ತನ್ನ ಸ್ಕ್ರೂಡ್ರೈವರನ್ನು ಅದೇ ಜಾಗಕ್ಕೆ ಒತ್ತಿ ಗೀರಿನ ಮೇಲೆ ಗೀರು ಎಳೆದ. "ಹೋದ ಸಲ ಅವಸರದಲ್ಲಿ ಸರಿಯಾಗಿ ಬಿಗಿ ಮಾಡಿರಲಿಲ್ಲ. ನನ್ನದೇ ತಪ್ಪು."

ಭಾವ ದನಿ ತಗ್ಗಿಸಿದ. ಅವನು ಕೂಗಾಡುವಾಗ ಅಷ್ಟು ಭಯವಾಗುತ್ತಿರಲಿಲ್ಲ. ದನಿ ತಗ್ಗಿಸಿದಾಗ ಆಗುತ್ತಿತ್ತು.

"ಅವಸರದಲ್ಲಲ್ಲ ಕಣೋ. ಬೇಕಂತಲೇ ಸಡಿಲ ಬಿಟ್ಟು ಹೋಗ್ತಿದ್ದೀಯ. ತಿಂಗಳಿಗೆ ಎರಡು ಸಲ ಬಂದು ಇವಳ ಕಿವಿ ಊದೋಕೆ. ಅಲ್ವಾ?"

"ಅಲ್ಲ ಭಾವ—"

"ಯಾವ ಕೈ? ಈ ಕೈಯಾ?"

ಮೆಕ್ಯಾನಿಕ್ಕನ ಎಡಗೈ ಪೆಟ್ರೋಲ್ ಟ್ಯಾಂಕಿನ ಮೇಲಿತ್ತು. ಭಾವ ಅದನ್ನು ಮಣಿಕಟ್ಟಿನಲ್ಲಿ ಹಿಡಿದು, ಟ್ಯಾಂಕಿನಿಂದ ಜೋಪಾನವಾಗಿ ಎತ್ತಿ, ಬಣ್ಣಕ್ಕೆ ಏನೂ ತಾಗದಂತೆ ದೂರ ತಂದು, ಬೆಂಚಿನ ಮೇಲಿಟ್ಟ. ಆಮೇಲೆ ಅಲ್ಲಿದ್ದ ದೊಡ್ಡ ಸ್ಪಾನರನ್ನು ತೆಗೆದುಕೊಂಡು ಬೆರಳುಗಳ ಮೇಲೆ ಹೊಡೆದ.

ಮೊದಲ ಏಟಿಗೆ ಮೆಕ್ಯಾನಿಕ್ಕನ ಗಂಟಲಿನಿಂದ ಸ್ವರ ಬರಲಿಲ್ಲ. ಎರಡನೆಯದಕ್ಕೆ ಬಂದದ್ದು ಅವನಿಗೇ ಗುರುತು ಸಿಗದ ಸ್ವರ. ಕಿರುಬೆರಳು, ಅದರ ಪಕ್ಕದ್ದು, ಎರಡೂ ತಮ್ಮ ಜಾಗ ಬಿಟ್ಟು ಬೇರೆ ಕಡೆಗೆ ಮುಖ ಮಾಡಿದ್ದವು.

"ಬಿಡ್ರೀ ಅವನನ್ನ!"

ಅಕ್ಕ ಹೊಸಿಲು ದಾಟಿ ಶೆಡ್ಡಿನೊಳಗೆ ಬಂದಿದ್ದಳು. ಕೈಯಲ್ಲಿ ಲೋಟವಿರಲಿಲ್ಲ. ಮರದ ಹಿಡಿಯ ಪುಟ್ಟ ಚಾಕು ಇತ್ತು. ಅದರ ಮೊನೆ ಸೊಟ್ಟಗಾಗಿತ್ತು.

"ಅವನಿಗೇನೂ ಗೊತ್ತಿಲ್ಲ. ನಾನು ಮಾಡಿದ್ದು ಅದು."

"ಒಳಗೆ ಹೋಗೇ."

"ನೀವು ಮಲಗಿದ ಮೇಲೆ ಇದೇ ಚಾಕುವಿನಲ್ಲಿ ಸ್ಕ್ರೂ ಸಡಿಲ ಮಾಡ್ತಿದ್ದೆ. ಪ್ರತಿ ಸಲ ನಾನೇ. ಅವನು ಬರಲಿ ಅಂತ."

"ನೀನಾ?" ಭಾವನ ಮುಖದಲ್ಲಿ ಸಿಟ್ಟಿಗಿಂತ ಮೊದಲು ಬಂದದ್ದು ಅಪನಂಬಿಕೆ. "ಪಾಯಿಂಟು ಅಂದರೆ ಏನು ಅಂತ ಗೊತ್ತೇನೇ ನಿನಗೆ?"

"ನಮ್ಮಪ್ಪನ ಮಗಳು ರೀ ನಾನು. ಮದುವೆಯಾಗಿ ಇಷ್ಟು ವರ್ಷಕ್ಕೆ ಒಂದು ಸಲವೂ ಕೇಳಲಿಲ್ಲ ನೀವು."

"ಆಗೆಲ್ಲ ಗಾಡಿ ಬರೀ ನಿಲ್ತಿತ್ತು. ಇವತ್ತು?"

"ಈ ಸಲ ಇನ್ನೊಂದು ಕಡೆಗೆ ತಿರುಗಿಸಿದೆ."

"ಯಾಕೆ?"

ಅಕ್ಕ ತನ್ನ ಬಲಪಕ್ಕೆಯ ಮೇಲೆ ಅಂಗೈ ಇಟ್ಟುಕೊಂಡಳು. ಅಲ್ಲಿ ಬಟ್ಟೆಯ ಒಳಗೆ ಏನನ್ನೋ ಬಿಗಿಯಾಗಿ ಸುತ್ತಿದ್ದು ಆಗ ತಮ್ಮನಿಗೆ ಕಂಡಿತು. "ಗುರುವಾರ ಬೂಟುಗಾಲಲ್ಲಿ ಒದ್ರಲ್ಲ, ಅದಕ್ಕೆ," ಎಂದಳು. ದನಿಯಲ್ಲಿ ಏರಿಳಿತವೇ ಇರಲಿಲ್ಲ. "ನಿಮ್ಮ ಕಾಲು ಮುರೀಲಿ ಅಂತ."

ಭಾವ ಸ್ಪಾನರ್ ಬಿಟ್ಟ. ಅವಳನ್ನು ಹೊಡೆಯಲು ಅವನಿಗೆ ಬರಿಗೈಯೇ ಬೇಕಾಗಿತ್ತು. ಎರಡು ಹೆಜ್ಜೆಯಲ್ಲಿ ಅವಳ ಜಡೆ ಹಿಡಿದು, ಚಾಕುವನ್ನು ಕಾಲಲ್ಲಿ ಒದ್ದು, ಅವಳ ತಲೆಯನ್ನು ಬೆಂಚಿನ ಅಂಚಿಗೆ ಗುದ್ದಿದ. ಡಬ್ಬಿಗಳು ಅದುರಿದವು, ಮೊಳೆಗಳು ಚೆಲ್ಲಿದವು. ಮತ್ತೊಮ್ಮೆ ಗುದ್ದಿದ. ಅಕ್ಕ ಕಿರುಚಲಿಲ್ಲ. ಎಷ್ಟೋ ವರ್ಷದ ಅಭ್ಯಾಸದಿಂದ, ಕೇಳಿಸುವ ಕಿವಿಯನ್ನು ಒಂದು ಕೈಯಲ್ಲಿ ಮುಚ್ಚಿಕೊಂಡಿದ್ದಳು. ಹುಬ್ಬಿನ ಮೇಲೆ ಚರ್ಮ ಸೀಳಿ ರಕ್ತ ಕಣ್ಣೊಳಗೆ ಇಳಿಯಿತು. ಭಾವ ಮೂರನೆಯ ಸಲಕ್ಕೆ ಅವಳ ತಲೆಯನ್ನು ಹಿಂದಕ್ಕೆಳೆದ.

ಮೆಕ್ಯಾನಿಕ್ ಜನ್ಮದಲ್ಲಿ ಯಾರ ಮೇಲೂ ಕೈಯೆತ್ತಿದವನಲ್ಲ. ಗ್ಯಾರೇಜಿನಲ್ಲಿ ಇಲಿ ಬಿದ್ದರೂ ರಟ್ಟಿನಲ್ಲಿ ಎತ್ತಿ ಹೊರಗೆ ಬಿಡುವವನೆಂದು ಗಿರಾಕಿಗಳು ನಗುತ್ತಿದ್ದರು. ಅವನ ಬಲಗೈ ನೆಲದ ಮೇಲಿದ್ದ ಸ್ಪಾನರನ್ನು ಎತ್ತಿಕೊಂಡಿತು. ಭಾವನ ಎಡ ಹೆಗಲಿಗೆ ಬೀಸಿದ. ಒಣಗಿದ ಪುಳ್ಳೆ ಮುರಿದಂಥ ಸದ್ದಾಯಿತು. ಭಾವ ಜಡೆ ಬಿಟ್ಟು, ಕೊರಳ ಬುಡವನ್ನು ಹಿಡಿದುಕೊಂಡು ಮಂಡಿಗೆ ಬಿದ್ದ.

ಮೆಕ್ಯಾನಿಕ್ ಸ್ಪಾನರನ್ನು ಮತ್ತೆ ಎತ್ತಿದ. ಅವನ ಕಣ್ಣ ಕೆಳಗೆ ಭಾವನ ನೆತ್ತಿ ಇತ್ತು, ಅಂಗೈಯಷ್ಟಗಲ ಬೋಳಾಗಿತ್ತು, ಅದನ್ನು ಮುಚ್ಚಲೆಂದು ಪಕ್ಕದ ಕೂದಲನ್ನು ಎಣ್ಣೆ ಹಚ್ಚಿ ಬಾಚಿದ್ದ. ಅಲ್ಲಿಗೇ ಎಂದು ಮೆಕ್ಯಾನಿಕ್ ಅಂದುಕೊಂಡ. ಅವನಿಗೆ ಹೆದರಿಕೆಯಾಗಲಿಲ್ಲ. ಹಾಯೆನಿಸುತ್ತಿತ್ತು. ಬೇಸಗೆಯಲ್ಲಿ ತಲೆಯ ಮೇಲೆ ತಣ್ಣೀರು ಹೊಯ್ದುಕೊಂಡ ಹಾಗೆ ಹಾಯೆನಿಸುತ್ತಿತ್ತು.

ಅವನ ಮಣಿಕಟ್ಟಿನ ಮೇಲೆ ಒಂದು ಕೈ ಬಿತ್ತು. ಒದ್ದೆಯಾದ, ಸಣ್ಣ ಕೈ.

"ಬೇಡ ಕಣೋ," ಎಂದಳು ಅಕ್ಕ. ಒಂದು ಕಣ್ಣು ರಕ್ತದಿಂದ ಮುಚ್ಚಿಹೋಗಿತ್ತು. "ನೀನೂ ಬೇಡ."

ಅವನು ಕೈ ಇಳಿಸಲಿಲ್ಲ. ಅವಳೂ ಕೈ ಬಿಡಲಿಲ್ಲ. ಕೊನೆಗೆ ಅವನ ಬೆರಳು ಸಡಿಲಾಗಿ ಸ್ಪಾನರು ನೆಲಕ್ಕೆ ಬಿತ್ತು.

ಗೇಟಿನ ಚಿಲಕ ಸದ್ದಾಯಿತು. ಪಕ್ಕದ ಮನೆಯ ದರ್ಜಿ ಕೊರಳಲ್ಲಿ ಅಳತೆಯ ಟೇಪು ನೇತುಹಾಕಿಕೊಂಡು, ಒಂದು ಕೈಯಲ್ಲಿ ಫೋನು, ಇನ್ನೊಂದು ಕೈಯಲ್ಲಿ ಬೂದುಬಣ್ಣದ ಬಟ್ಟೆಯ ಸುರುಳಿ ಹಿಡಿದು ನಿಂತಿದ್ದ. ಅವನಿಗೆ ಎಪ್ಪತ್ತರ ಮೇಲಾಗಿತ್ತು. ಶೆಡ್ಡಿನೊಳಗೆ ಒಮ್ಮೆ ಕಣ್ಣಾಡಿಸಿ, ಯಾರು ಯಾರಿಗೆ ಏನು ಮಾಡಿದರೆಂದು ಕೇಳದೆ, "ಆಸ್ಪತ್ರೆ ಗಾಡಿಗೆ ಫೋನ್ ಮಾಡಿದ್ದೀನಿ. ಬರೋಕೆ ಒಂದು ಗಂಟೆ ಆಗುತ್ತಂತೆ. ಅಲ್ಲೀವರೆಗೆ ಅವನ ತೋಳು ಅಲ್ಲಾಡಬಾರದು," ಎಂದ.

ಅವನು ಬಟ್ಟೆ ಹರಿದುಕೊಟ್ಟ, ಅಕ್ಕ ಕಟ್ಟಿದಳು. ಭಾವ ತಗಡಿನ ಗೋಡೆಗೆ ಒರಗಿ, ಅವಳು ಹತ್ತಿರ ಬಂದಾಗ ಬೈಗುಳಕ್ಕೆ ಬಾಯಿ ತೆರೆದ, ನೋವಿಗೆ ಮುಚ್ಚಿಕೊಂಡ. ಅಕ್ಕ ಅವನ ಮುಂಗೈಯನ್ನು ಎದೆಗೆ ತಂದು, ಕತ್ತಿನ ಹಿಂದೆ ಗಂಟು ಹಾಕಿ, ಗಂಟು ಚರ್ಮಕ್ಕೆ ಒತ್ತದಂತೆ ಕೆಳಗೊಂದು ಮಡಿಕೆ ಸೇರಿಸಿದಳು. ಆಮೇಲೆ ದರ್ಜಿ ಅವಳ ಹಣೆಗೆ ಒಂದು ಪಟ್ಟಿ ಸುತ್ತಿದ. ಮೆಕ್ಯಾನಿಕ್ಕನ ಎರಡು ಬೆರಳನ್ನು ಸೀಮೆಸುಣ್ಣದ ತುಂಡಿನ ಆಸರೆ ಕೊಟ್ಟು ಒಟ್ಟಿಗೆ ಕಟ್ಟಿದ.

"ಯಾರದ್ದೋ ಕೋಟಿನ ಲೈನಿಂಗು ಇದು," ಎಂದು ಅವನು ಯಾರಿಗೂ ಅಲ್ಲದ ಹಾಗೆ ಹೇಳಿದ. "ಒಂದು ಗೇಣು ಕಮ್ಮಿ ಬಂತು ಅಂದ್ರೆ ಆಯ್ತು." ಕಟ್ಟು ಮುಗಿದ ಮೇಲೂ ಬಟ್ಟೆಯ ತುದಿ ನೇವರಿಸುತ್ತ, "ಎಷ್ಟೋ ಸಲ ಬರಬೇಕಾಗಿತ್ತಮ್ಮ ನಾನು. ಮೆಷಿನ್ ನಿಲ್ಲಿಸ್ತಿದ್ದೆ, ಅಷ್ಟೇ. ಅದಕ್ಕಿಂತ ಮುಂದಕ್ಕೆ ಕಾಲು ಬರ್ತಿರಲಿಲ್ಲ," ಎಂದ.

"ನಿಂತಿದ್ದು ಕೇಳಿಸ್ತಿತ್ತು," ಎಂದಳು ಅಕ್ಕ. "ಯಾರೋ ಇದ್ದಾರೆ ಅನ್ನಿಸ್ತಿತ್ತು."

ಭಾವನ ಮುಖ ಬೆವರಿ ಬಿಳುಪಾಗಿತ್ತು. ಅವನು ನೋಡುತ್ತಿದ್ದದ್ದು ಗಾಡಿಯನ್ನು. ಕವರು ಕಳಚಿದ ಎಂಜಿನ್ನಿನ ಬದಿಯಿಂದ ವೈರು ಜೋತುಬಿದ್ದಿತ್ತು. "ಅದನ್ನ ಹಾಗೆ ಬಿಚ್ಚಿ ಬಿಡಬೇಡ್ರೋ," ಎಂದ ಗೊಗ್ಗರು ದನಿಯಲ್ಲಿ. "ಧೂಳು ಹೋಗುತ್ತೆ."

ಮೆಕ್ಯಾನಿಕ್ಕನಿಗೆ ನಗು ಬರುವಂತಾಯಿತು.

"ಹಾಕಿಕೊಡು," ಎಂದಳು ಅಕ್ಕ.

"ಏನನ್ನ?"

"ಹೊಸದನ್ನ. ಅದೇ ಒಳ್ಳೇದು ತಾನೇ?"

"ಒಳ್ಳೇದೇ. ಆದರೆ ಅಕ್ಕಾ, ಅದನ್ನ ಹಾಕಿದ್ರೆ ಮತ್ತೆ ನಾನು—"

"ಮತ್ತೆ ಇಲ್ಲಿಗೆ ನೀನು ಯಾರನ್ನ ನೋಡೋಕೆ ಬರ್ತೀಯ?"

ಅವನು ಅವಳನ್ನೇ ನೋಡಿದ. ಪಟ್ಟಿಯ ಕೆಳಗಿನಿಂದ ಅವಳ ತೆರೆದ ಒಂದು ಕಣ್ಣು ಅವನನ್ನು ನೇರವಾಗಿ ನೋಡುತ್ತಿತ್ತು. ಮೂರು ವರ್ಷದಿಂದ ಪಿಸುಗುಟ್ಟಿ ಕೇಳುತ್ತಿದ್ದದ್ದಕ್ಕೆ ಅವಳು ಉತ್ತರ ಕೊಟ್ಟಿದ್ದಾಳೆಂದು ಅವನಿಗೆ ಗೊತ್ತಾಗಲು ಸ್ವಲ್ಪ ಹೊತ್ತು ಹಿಡಿಯಿತು.

ಇಬ್ಬರೂ ಗಾಡಿಯ ಪಕ್ಕದಲ್ಲಿ ಕುಕ್ಕರಗಾಲಿನಲ್ಲಿ ಕುಳಿತರು. ಅವನ ಎಡಗೈ ಕೆಲಸಕ್ಕೆ ಬಾರದಾಗಿತ್ತು. ಸಣ್ಣ ಸ್ಕ್ರೂಗಳನ್ನೆಲ್ಲ ಅವಳೇ ಬಿಚ್ಚಿದಳು. ಪಾಯಿಂಟಿನ ತಟ್ಟೆ ಹೊರಬಂತು, ಕಂಡೆನ್ಸರು ಬಂತು. ಅದರ ಜಾಗದಲ್ಲಿ ಅಯಸ್ಕಾಂತ ಕೂರಿಸಿ, ಅದರ ಮುಂದೆ ಹೊಸ ತಟ್ಟೆಯಿಟ್ಟು, ಕೆಂಪು ವೈರು ಎಲ್ಲಿ, ಕಪ್ಪು ಎಲ್ಲಿ ಎಂದು ಅವನು ತೋರಿಸಿದ. ಅವಳು ಕೇಳಿಸುವ ಕಿವಿಯನ್ನು ಅವನ ಕಡೆಗೆ ವಾಲಿಸಿಕೊಂಡಿದ್ದಳು. ಎರಡು ಸ್ಕ್ರೂ ಆದ ಮೇಲೆ ಅವನು ತೋರಿಸುವ ಮುಂಚೆಯೇ ಅವಳು ಕೈ ಹಾಕುತ್ತಿದ್ದಳು. ದರ್ಜಿ ಉರುಳಿದ ಮೊಳೆಗಳನ್ನು ಒಂದೊಂದೇ ಆಯ್ದು ಡಬ್ಬಿಗೆ ಹಾಕುತ್ತಿದ್ದ.

ಕೊನೆಗೆ ತಟ್ಟೆಯನ್ನು ತಿರುಗಿಸಿ ಗುರುತಿಗೆ ತರುವುದಿತ್ತು. ತಟ್ಟೆಯ ಅಂಚಿನಲ್ಲಿ ಒಂದು ಗೆರೆ, ಎಂಜಿನ್ನಿನ ಮೈಮೇಲೆ ಒಂದು ಗೆರೆ. ಎರಡೂ ಕೂಡಬೇಕು. ಮೆಕ್ಯಾನಿಕ್ ಬಲಗೈಯ ಹೆಬ್ಬೆರಳಿನಿಂದ ತಟ್ಟೆಯನ್ನು ತಿರುಗಿಸಿದ. ಗೆರೆಗಳು ಕೂಡಿದವು. ಅವನ ಹೆಬ್ಬೆರಳು ನಿಲ್ಲಲಿಲ್ಲ. ಗೆರೆ ಗೆರೆಯನ್ನು ದಾಟಿತು, ಒಂದು ಅಕ್ಕಿಕಾಳಿನಷ್ಟು. ಮತ್ತೊಂದಷ್ಟು.

ಭಾವನ ಹೆಗಲು ಮೂರು ತಿಂಗಳಲ್ಲಿ ಕೂಡುತ್ತದೆ. ಒಂದು ಬೆಳಗ್ಗೆ ಅವನು ಬಂದು, ಎಂದಿನಂತೆ ಮೈಭಾರವನ್ನೆಲ್ಲ ಬಿಟ್ಟು ಕಿಕ್ಕರು ತುಳಿಯುತ್ತಾನೆ. ಕಿಡಿ ಮುಂಚೆಯೇ ಹಾರಿ ಅದು ತಿರುಗಿ ಹೊಡೆಯುತ್ತದೆ. ಪಾಯಿಂಟಾದರೆ ಅಷ್ಟರಲ್ಲಿ ಕದಲಬಹುದು. ಇದು ಕದಲುವುದಿಲ್ಲ. ಎಷ್ಟು ಕಾಲವಾದರೂ ಇಟ್ಟಲ್ಲೇ ಕಾಯುತ್ತದೆ.

"ಗೆರೆ ದಾಟಿದೆ," ಎಂದಳು ಅಕ್ಕ ಮೆಲ್ಲಗೆ.

"ಗೊತ್ತು."

"ಹಿಂದಕ್ಕೆ ತಾ."

"ಯಾರಿಗೂ ಗೊತ್ತಾಗಲ್ಲ ಅಕ್ಕಾ."

"ನಿನಗೆ ಗೊತ್ತಿರುತ್ತಲ್ಲ. ನಿನ್ನೆ ರಾತ್ರಿ ತಿರುಗಿಸಿದ್ದು ನಾನು. ಬೆಳಗಿನವರೆಗೂ ಕಣ್ಣು ಮುಚ್ಚಲಿಲ್ಲ. ಅವರು ಎದ್ದು ಗಾಡಿ ಹತ್ತಿರ ಹೋದಾಗ, ನಿಲ್ಲಿ ಅಂತ ಹೇಳೋಕೆ ಬಾಯಿ ತೆಗೆದೆ. ಮಾತು ಬರಲಿಲ್ಲ. ಅದಕ್ಕೇ ನೀರು ತಗೊಂಡು ಓಡಿಬಂದೆ." ಅವಳು ಅವನ ಹೆಬ್ಬೆರಳನ್ನು ಪಕ್ಕಕ್ಕೆ ಸರಿಸಿ, ತಟ್ಟೆಯನ್ನು ತಾನೇ ಹಿಂದಕ್ಕೆ ತಂದಳು. ಗೆರೆಗೆ ಗೆರೆ ಕೂಡಿಸಿ, ಸ್ಕ್ರೂ ಬಿಗಿದು, ಇನ್ನೊಮ್ಮೆ ಬಿಗಿದಳು. "ಈ ಮನೆಯಲ್ಲಿ ನನ್ನದು ಅಂತ ಏನೂ ಬಿಟ್ಟು ಹೋಗೋದು ಬೇಡ ಕಣೋ. ಇದೂ ಬೇಡ."

ಕವರು ಮುಚ್ಚಿದ ಮೇಲೆ ಮೆಕ್ಯಾನಿಕ್ ಎದ್ದು ಕಿಕ್ಕರು ತುಳಿದ. ಮೊದಲ ತುಳಿತಕ್ಕೇ ಗಾಡಿ ಹೊರಟಿತು. ಕೆಮ್ಮಿಲ್ಲ, ಕುಂಟಿಲ್ಲ. ಬಡಿತದ ಮೇಲೆ ಬಡಿತ ಒಂದೇ ಸಮನೆ, ನಿದ್ದೆ ಹೋದವರ ಉಸಿರಿನ ಹಾಗೆ. ಈ ಶೆಡ್ಡಿನಲ್ಲಿ ಅದು ಇಷ್ಟು ಶಾಂತವಾಗಿ ಎಂದೂ ಓಡಿರಲಿಲ್ಲ.

"ಚೆನ್ನಾಗಿದೆ," ಎಂದ ಭಾವ, ಕಣ್ಣು ಮುಚ್ಚಿ, ಗೋಡೆಗೆ ತಲೆಯಾನಿಸಿ. "ಚೆನ್ನಾಗಿ ಓಡ್ತಿದೆ."

ಅಕ್ಕ ಎಂಜಿನ್ ಆರಿಸಿ, ಕೀಲಿ ತೆಗೆದು ಅವನ ಆಡುವ ಕೈಗೆ ನಿಲುಕುವಂತೆ ಪಕ್ಕದಲ್ಲಿಟ್ಟು, ಒಳಗೆ ಹೋದಳು.

ಹೊರಗೆ ಬಂದಾಗ ಹೆಗಲಲ್ಲೊಂದು ಚೀಲವಿತ್ತು, ಮೈಮೇಲೆ ಉದ್ದನೆಯ ಉಣ್ಣೆಯ ಶಾಲು. ಮುಖ ತೊಳೆದಿದ್ದಳು. ಕೂದಲನ್ನು ಪಟ್ಟಿಯ ಸುತ್ತ ಹೇಗೋ ಬಾಚಿಕೊಂಡಿದ್ದಳು.

"ಎಲ್ಲಿಗೇ?" ಎಂದ ಭಾವ. ಏಳಲು ಹೋಗಿ, ಕಿರುಚಿ, ಮತ್ತೆ ಕುಸಿದ. "ಲೇ! ಆಸ್ಪತ್ರೆಗೆ ನನ್ನ ಜೊತೆ ಯಾರೇ ಬರೋದು?"

ಅಕ್ಕ ನಿಂತಳು. ನಿಂತದ್ದು ನೋಡಿ ಮೆಕ್ಯಾನಿಕ್ ಅವಳ ಚೀಲಕ್ಕೆ ಕೈ ಚಾಚಿದ. ಇಷ್ಟೇ ಸಣ್ಣ ಮಾತಿಗೆ ಅವಳು ಹಿಂದೆ ಎಷ್ಟು ಸಲ ನಿಂತಿದ್ದಳೋ.

"ನಾನಿದ್ದೀನಲ್ಲ," ಎಂದ ದರ್ಜಿ. ಅವನು ಒಂದು ಮರದ ಪೆಟ್ಟಿಗೆಯನ್ನು ಎಳೆದುಕೊಂಡು ಭಾವನ ಎದುರು, ಅವನಿಗೂ ಅವಳಿಗೂ ನಡುವೆ, ಭದ್ರವಾಗಿ ಕೂತುಬಿಟ್ಟ. "ಪೊಲೀಸಿನವರು ಕೇಳಿದ್ರೂ ನಾನೇ ಹೇಳ್ತೀನಿ, ಗೋಡೆಯಾಚೆ ಕೇಳಿಸಿದ್ದನ್ನೆಲ್ಲ. ನೀನು ಹೊರಡಮ್ಮ. ಹೊತ್ತಾಗುತ್ತೆ."

ಮೆಕ್ಯಾನಿಕ್ ಉಳಿದ ಎರಡು ಬೆರಳಲ್ಲಿ ಕ್ಲಚ್ಚು ಹಿಡಿದು ತನ್ನ ಗಾಡಿ ಹೊರಡಿಸಿದ. ಮುಖ್ಯರಸ್ತೆಯವರೆಗೆ ಅಕ್ಕ ಸೀಟಿನ ಹಿಂದಿನ ಕಂಬಿಯನ್ನು ಹಿಡಿದುಕೊಂಡಿದ್ದಳು. ಮುಖ್ಯರಸ್ತೆಗೆ ಬಂದ ಮೇಲೆ ಅವನ ಹೆಗಲು ಹಿಡಿದಳು. ಗೇರು ಬದಲಿಸುವಾಗಲೆಲ್ಲ ಅವನು ಹಲ್ಲು ಕಚ್ಚಿಕೊಳ್ಳುತ್ತಿದ್ದ.

ರೈಲ್ವೆ ಗೇಟು ಹಾಕಿತ್ತು. ಅವರ ಮುಂದೆ ಇಟ್ಟಿಗೆಯ ಲಾರಿ, ಆಚೀಚೆ ಸೈಕಲ್ಲುಗಳು, ಸ್ಕೂಟರುಗಳು. ಎಂಜಿನ್ನುಗಳು ಒಂದೊಂದಾಗಿ ಆರಿದವು. ಕೆಲವರು ಅಕ್ಕನ ಹಣೆಯ ಪಟ್ಟಿಯನ್ನು ನೋಡಿದರು, ಅದರ ಮೇಲೆ ಮೂಡಿದ್ದ ರಕ್ತದ ಕಲೆಯನ್ನು ನೋಡಿದರು, ನೋಡಿಲ್ಲವೆಂಬಂತೆ ಬೇರೆ ಕಡೆ ತಿರುಗಿದರು. ಅವಳು ಮುಖ ಮುಚ್ಚಿಕೊಳ್ಳಲಿಲ್ಲ.

ಹಿಂದಿನ ಸ್ಕೂಟರಿನಿಂದ ಒಬ್ಬ ಹೆಂಗಸು ಇಳಿದು ಬಂದಳು. ಕೆಲಸದಿಂದ ಮರಳುತ್ತಿದ್ದವಳಿರಬೇಕು. ನೀಲಿ ಮೇಲಂಗಿ, ತೋಳಿನ ಮೇಲೆ ಹಿಟ್ಟಿನ ಧೂಳು. ಅವಳು ಗಾಡಿಯ ಪಕ್ಕ ಬಗ್ಗಿ, ಹಿಂದಿನ ಚಕ್ರದ ಕಡ್ಡಿಗಳ ಹತ್ತಿರ ಜೋತುಬಿದ್ದಿದ್ದ ಶಾಲಿನ ತುದಿಯನ್ನು ಬಿಡಿಸಿ, ಕೊಡವಿ, ಎರಡು ಮಡಿಕೆ ಮಾಡಿ ಅಕ್ಕನ ತೊಡೆಯ ಕೆಳಗೆ ಸಿಕ್ಕಿಸಿದಳು. "ಗಾಳಿಗೆ ಮತ್ತೆ ಬಿಚ್ಕೊಳ್ಳುತ್ತೆ, ಕೈ ಇಟ್ಕೊಂಡಿರಿ," ಎಂದು ಹೇಳಿ ತನ್ನ ಸ್ಕೂಟರಿಗೆ ಮರಳಿದಳು.

ರೈಲು ಬಂತು. ನೆಲ ಅದುರಿತು. ಡಬ್ಬಿಯ ಹಿಂದೆ ಡಬ್ಬಿ, ಕಿಟಕಿಯ ಹಿಂದೆ ಕಿಟಕಿ ಅವರ ಎದುರಿನಲ್ಲಿ ಹಾದುಹೋದವು. ಅಕ್ಕ ಶಾಲಿನ ಮಡಿಕೆಯ ಮೇಲೆ ಅಂಗೈ ಒತ್ತಿಕೊಂಡು, ಕೇಳಿಸುವ ಕಿವಿಯನ್ನು ರೈಲಿನ ಕಡೆಗೆ ತಿರುಗಿಸಿ, ಕೊನೆಯ ಡಬ್ಬಿಯ ಸದ್ದೂ ಮುಗಿಯುವವರೆಗೆ ಹಾಗೇ ಕೂತಿದ್ದಳು.